ಮುನಿರಾಜು ಮನೆಯ ಡಿ ಡ್ರೈವಿನ ಮಹಜರು

ಆರಿದ್ರೆ ಮಳೆ ಹದವಾಗಿ ಬಿದ್ದು ನಾಲ್ಕು ದಿನವಾಗಿತ್ತು. ನಾಗರಬಾವಿಯ ಹಳೇ ಊರಿನ ಹಿಂದುಗಡೆ, ಎರಡು ಅಪಾರ್ಟ್‌ಮೆಂಟುಗಳ ನಡುವೆ ಖಾಲಿ ಬಿದ್ದಿದ್ದ ಮೂರು ಸೈಟುಗಳಲ್ಲಿ ರಾಗಿ ಚೆಲ್ಲಿ ಮುಗಿಸಿದ ಮುನಿರಾಜು ಹಕ್ಕಿ ಕಾಯುವ ಕೆಲಸಕ್ಕೆ ಇಳಿದಿದ್ದ. ಸೈಟುಗಳ ಒಡೆಯರು ಯಾರು, ಎಲ್ಲಿದ್ದಾರೆ ಎಂಬುದು ಅವನಿಗೂ ತಿಳಿಯದು. ಅವನ ಅಪ್ಪ ಉತ್ತಿದ್ದ ನೆಲ ಅದು. ಲೇಔಟಿಗೆ ಹೋಗಿ ಹದಿನೈದು ವರ್ಷವಾದರೂ, ಮಳೆ ಬಿದ್ದ ಮಣ್ಣಿನ ವಾಸನೆ ಮೂಗಿಗೆ ಬಡಿದರೆ ಮುನಿರಾಜುವಿನ ಕೈ ಸುಮ್ಮನಿರುತ್ತಿರಲಿಲ್ಲ.

ನಾಲ್ಕು ಗೂಟ ನೆಟ್ಟು, ಗೂಟದಿಂದ ಗೂಟಕ್ಕೆ ದಾರ ಬಿಗಿದು, ದಾರಕ್ಕೆ ಹಳೇ ಸಿ.ಡಿ.ಗಳನ್ನು ಕಟ್ಟುತ್ತಿದ್ದ. ಗಾಳಿಗೆ ಅವು ತಿರುಗಿ ಫಳಕ್ ಫಳಕ್ ಎಂದರೆ ಗುಬ್ಬಿ, ಪಾರಿವಾಳ ಹತ್ತಿರ ಸುಳಿಯುವುದಿಲ್ಲ. ಮಗಳು ಅನುವಿನ ಮದುವೆಯ ಫೋಟೋಗಳಿದ್ದ ಎರಡು ಸಿ.ಡಿ.ಗಳೂ ಅವುಗಳಲ್ಲಿದ್ದವು. ಬೇಸಿಗೆಯಲ್ಲಿ ಹಿತ್ತಲ ಟೊಮೇಟೊ ಕಾದು, ಬಿಸಿಲಿಗೆ ಮೈ ಸೀಳಿಕೊಂಡು, ಈಗ ರಾಗಿಗೆ ವರ್ಗವಾಗಿ ಬಂದಿದ್ದವು. "ಫೋಟೋ ಎಲ್ಲಾ ಕಂಪ್ಯೂಟರಿಗೆ ತುಂಬಿಸಿ ಆಗಿದೆಯಲ್ಲ, ಇನ್ನು ಈ ತಟ್ಟೆ ಇಟ್ಕೊಂಡು ಏನು ಮಾಡೋದು" ಎಂದು ಅವನೇ ಕೊಟ್ಟ ತೀರ್ಪು ಅದು.

"ಏನ್ರೀ, ಫೋನು! ಬೀಗಿತ್ತಿ!" ಎಂದು ಮಹಡಿಯ ಮೇಲಿಂದ ಹೆಂಡತಿ ಯಶೋದಮ್ಮ ಕೂಗಿದಾಗ ಅವನು ಕೊನೆಯ ಗಂಟು ಬಿಗಿಯುತ್ತಿದ್ದ.

ಬೀಗಿತ್ತಿ ಎಂದರೆ ಬಾಪೂಜಿ ನಗರದ ಚಿಕ್ಕಲಕ್ಷ್ಮಮ್ಮ. ಅನುವಿನ ಅತ್ತೆ.

"ಬೀಗರೇ, ಬರೋ ಸೋಮವಾರ ಆಷಾಢ ಹುಟ್ಟುತ್ತೆ. ಅತ್ತೆ ಸೊಸೆ ಒಂದೇ ಸೂರಿನಡೀಲಿ ಇರಬಾರ್ದು ನೋಡಿ" ಎಂದಳು ಆಕೆ.

"ಗೊತ್ತಲ್ಲಮ್ಮ. ಭಾನುವಾರ ಬಂದು ಮಗಳನ್ನ ಕರ್ಕೊಂಡು ಬರ್ತೀನಿ."

"ನೀವೇನೂ ಬರೋದು ಬೇಡ. ಕೆಂಗೇರಿಗೆ ನನ್ನ ತಮ್ಮನ ಮನೆಗೆ ಕಳಿಸ್ತಾ ಇದೀವಿ."

"ಯಾಕೆ? ಅವಳಿಗೆ ತವರು ಇಲ್ವಾ?"

"ಇದೆ. ಮದುವೇಲಿ ಗಂಡಿನ ಸೋದರಮಾವನಿಗೆ ಫಸ್ಟ್ ಪಂಕ್ತೀಲಿ ಎಲೆ ಹಾಕದ ತವರು. ವೆಂಕಟಗಿರಿ ಇವತ್ತಿಗೂ ಒಬ್ಬಟ್ಟು ಕಂಡ್ರೆ ಮುಖ ಆ ಕಡೆ ತಿರುಗಿಸ್ತಾನೆ ಗೊತ್ತಾ?"

ಮೊದಲ ಆಷಾಢಕ್ಕೆ ಮಗಳು ತವರಿಗೆ ಬಾರದೆ ಇನ್ಯಾರದೋ ಮನೆಯಲ್ಲಿ ಒಂದು ತಿಂಗಳು ಕೂತರೆ ಹಳೇ ಊರಿನ ಅರಳಿಕಟ್ಟೆಯ ಮುಂದೆ ಮುನಿರಾಜು ತಲೆ ಎತ್ತಿ ನಡೆಯುವ ಹಾಗಿಲ್ಲ. ಅಲ್ಲಿ ಸುಮ್ಮನಾಗಿದ್ದರೆ ಈ ಕಥೆ ಇಷ್ಟಕ್ಕೇ ಮುಗಿಯುತ್ತಿತ್ತು. ಆದರೆ ಅವನು ಗಂಟಲು ಸರಿಮಾಡಿಕೊಂಡ.

"ನೋಡಿ ಅಮ್ಮಾ, ನಮ್ಮಲ್ಲಿ ಬಾಯಿಮಾತಿಲ್ಲ. ಎಲ್ಲಾ ರೆಕಾರ್ಡು. ನಿಮ್ಮ ತಮ್ಮ ಫಸ್ಟ್ ಪಂಕ್ತೀಲಿ ಕೂತು ಎರಡು ಒಬ್ಬಟ್ಟು ತಿಂದಿರೋದು ನನ್ನ ಕಂಪ್ಯೂಟರಲ್ಲಿದೆ. ಭಾನುವಾರ ಎಲ್ಲರೂ ಬನ್ನಿ, ತೋರಿಸ್ತೀನಿ."

"ತೋರಿಸಿದ್ರೆ ಅನೂನ ಅಲ್ಲೇ ಬಿಟ್ಟು ಬರ್ತೀವಿ. ತೋರಿಸ್ಲಿಲ್ಲ ಅಂದ್ರೆ ಅಲ್ಲಿಂದ ನೇರ ಕೆಂಗೇರಿ" ಎಂದು ಬೀಗಿತ್ತಿ ಫೋನಿಟ್ಟಳು.

ಯಶೋದಮ್ಮ ಗಂಡನ ಮುಖ ನೋಡಿದಳು. "ನೀವು ನೋಡಿದೀರಾ ಆ ಫೋಟೋನ?"

"ಒಂಬೈನೂರು ಫೋಟೋ ಇದೆ ಕಣೇ. ಒಂದರಲ್ಲಾದ್ರೂ ತಿನ್ನದೆ ಇರ್ತಾನಾ?"

ಕೈಕಾಲು ತೊಳೆದು, ದೇವರಿಗೆ ಕೈ ಮುಗಿದು, ಮುನಿರಾಜು ಕಂಪ್ಯೂಟರಿನ ಮುಂದೆ ಕೂತ. ಅದು ಅನು ಕಾಲೇಜಿಗೆ ಹೋಗುವಾಗ ಕೊಂಡದ್ದು. ಮದುವೆ ಮುಗಿದ ಮೇಲೆ ಅದಕ್ಕೆ ವೈರಸ್ ಬಂದು, ಗೌರಿಬಿದನೂರಿನ ಕಡೆಯ ಬಸ್ಸಿನ ಹಾಗೆ ಹತ್ತು ಹೆಜ್ಜೆಗೊಮ್ಮೆ ನಿಲ್ಲತೊಡಗಿತ್ತು. ಆಗ ಮಹಡಿ ಮೇಲಿನ ರೂಮಿನ ಬಾಡಿಗೆದಾರ ಬಾಳೇಶ, ಬಾದಾಮಿ ಕಡೆಯ ಹುಡುಗ, ಎಂ.ಸಿ.ಎ. ಕೊನೇ ವರ್ಷ, "ಲಿನಕ್ಸ್ ಹಾಕ್ತೀನ್ರಿ ಅಣ್ಣಾರ, ವೈರಸ್ ಬಾಗಿಲ ಮುಟ್ಟಂಗಿಲ್ಲ" ಎಂದು ಹೇಳಿ ಸಿ ಡ್ರೈವನ್ನು ಬೋಳಿಸಿ ಲಿನಕ್ಸ್ ಹಾಕಿದ್ದ. ಫೋಟೋ ಇದ್ದ ಡಿ ಡ್ರೈವನ್ನು ಮುಟ್ಟಿರಲಿಲ್ಲ. ಆದರೆ ಈ ಲಿನಕ್ಸಿನಲ್ಲಿ ಡಿ ಡ್ರೈವು ತಾನಾಗಿ ಬರುತ್ತಿರಲಿಲ್ಲ. ಒಂದು ಕಪ್ಪು ಕಿಟಕಿ ತೆರೆದು, ಇಂಗ್ಲಿಷಿನ ಒಂದು ಸಾಲು ಬರೆದು ಕರೆದರೆ ಮಾತ್ರ ಬರುತ್ತಿತ್ತು. ಆ ಸಾಲನ್ನು ಬಾಳೇಶ ಒಂದು ಚೀಟಿಯಲ್ಲಿ ಬರೆದು ಕೊಟ್ಟಿದ್ದ. ಮುನಿರಾಜು ಅದನ್ನು ಭದ್ರವಾಗಿರಲಿ ಎಂದು ದೇವರ ಗೂಡಿನ ಪಕ್ಕ ಅಂಟಿಸಿದ್ದ. ಎರಡು ತಿಂಗಳಲ್ಲಿ ದೀಪದ ಎಣ್ಣೆ ಹತ್ತಿ ಚೀಟಿಯ ಮೊದಲ ಪದ ಪೂರಾ ಅಳಿಸಿಹೋಗಿತ್ತು. ಅಲ್ಲೊಂದು ಪದವಿತ್ತು ಎಂಬುದೇ ಅವನಿಗೆ ಮರೆತಿತ್ತು.

ಉಳಿದದ್ದನ್ನು ಒಂದು ಬೆರಳಿನಲ್ಲಿ, ಕಳೆ ಕೀಳುವವನ ತಾಳ್ಮೆಯಿಂದ ಕುಟ್ಟಿದ. ಕಂಪ್ಯೂಟರು ಒಂದು ಸಾಲಿನ ಉತ್ತರ ಕೊಟ್ಟಿತು. ಅವನ ಎಸ್ಸೆಸ್ಸೆಲ್ಸಿ ಇಂಗ್ಲಿಷಿಗೆ ಅದರ ಅರ್ಥ ಚೆನ್ನಾಗಿಯೇ ಆಯಿತು: ಇದನ್ನು ರೂಟ್ ಮಾತ್ರ ಮಾಡಬಹುದು.

ಮುನಿರಾಜು ಇನ್ನೊಮ್ಮೆ ಓದಿದ. ಮತ್ತೊಮ್ಮೆ ಕುಟ್ಟಿದ. ಅದೇ ಉತ್ತರ.

"ಲೇ ಯಶೋದಾ, ರೂಟ್ ಅಂದ್ರೆ ಯಾರೇ?"

"ಯಾವ ರೂಟು?"

"ಅದೇ ನಾನೂ ಕೇಳ್ತಿರೋದು. ನನ್ನ ಮನೆ, ನನ್ನ ಕಂಪ್ಯೂಟರು, ನನ್ನ ಮಗಳ ಮದುವೆ ಫೋಟೋ. ನನಗೆ ಅಧಿಕಾರ ಇಲ್ವಂತೆ. ಇನ್ಯಾವನೋ ರೂಟ್ ಅಂತ ಇದಾನೆ, ಅವನಿಗೆ ಮಾತ್ರ ಅಂತೆ!"

"ಬಾಳೇಶನ್ನ ಕೇಳಿ. ಸಾಯಂಕಾಲ ಬರ್ತಾನೆ."

ಬಾಳೇಶನ ಹೆಸರು ಕಿವಿಗೆ ಬಿದ್ದದ್ದೇ ಮುನಿರಾಜುವಿನ ತಲೆಯಲ್ಲಿ ಮೂವತ್ತೆರಡು ವರ್ಷದ ಹಿಂದಿನ ಒಂದು ಬಾಗಿಲು ಕಿರ್ರೆಂದಿತು.

ಅದನ್ನು ಇಲ್ಲಿ ಹೇಳದಿದ್ದರೆ ಮುನಿರಾಜುವಿಗೆ ಅನ್ಯಾಯವಾದೀತು. ಎಪ್ಪತ್ನಾಲ್ಕರಲ್ಲಿ ಉಳುವವನಿಗೇ ಭೂಮಿ ಎಂದಾಗ, ಅವನ ಅಪ್ಪ ಗೇಣಿಗೆ ಕೊಟ್ಟಿದ್ದ ಎರಡು ಎಕರೆ ಗದ್ದೆಯನ್ನು ಗೇಣಿದಾರ ಏಳನೇ ನಮೂನೆ ಅರ್ಜಿ ತುಂಬಿ ತನ್ನ ಹೆಸರಿಗೆ ಮಾಡಿಸಿಕೊಂಡಿದ್ದ. ಕಾನೂನಿನ ಪ್ರಕಾರ ಅದು ನ್ಯಾಯವೇ. ಆದರೆ ಒಂದು ಬೆಳಿಗ್ಗೆ ಅಪ್ಪ ತನ್ನ ಗದ್ದೆಯ ಬದುವಿನ ಮೇಲೆ ನಿಂತಿದ್ದಾಗ ಆ ಮನುಷ್ಯ ಬಲು ವಿನಯದಿಂದ, "ಗೌಡ್ರೇ, ಇನ್ಮೇಲೆ ಇಳಿಯೋ ಮುಂಚೆ ನನ್ನ ಒಂದು ಮಾತು ಕೇಳಿ" ಎಂದದ್ದು ಮುನಿರಾಜುವಿನ ಕಿವಿಯಿಂದ ಹೋಗಿರಲಿಲ್ಲ. ಅಂದಿನಿಂದ ಯಾರಿಗೇ ಬಾಡಿಗೆಗೆ ಮನೆ ಕೊಡಲಿ, ಹನ್ನೊಂದು ತಿಂಗಳಿಗೆ ಒಂದು ದಿನ ಹೆಚ್ಚು ಬರೆಯುತ್ತಿರಲಿಲ್ಲ. ಬಾಡಿಗೆದಾರರು ಕರಿಬೇವಿನ ಗಿಡ ನೆಟ್ಟರೂ ಕಿತ್ತು ಕುಂಡಕ್ಕೆ ಹಾಕಿಸುತ್ತಿದ್ದ. ನೆಲದಲ್ಲಿ ಬೇರು ಬಿಡಬಾರದು.

ಈಗ ಯೋಚಿಸಿದರೆ ಎಲ್ಲಾ ಕೂಡಿ ಬಂತು. ಬಾಳೇಶನ ಹತ್ತಿರ ಸ್ವಂತ ಕಂಪ್ಯೂಟರಿಲ್ಲ. ದಿನಾ ಸಂಜೆ ನಾಲ್ಕರಿಂದ ಆರರವರೆಗೆ ಇಲ್ಲೇ ಕೂತು ಏನೋ ಕಾಲೇಜಿನ ಪ್ರಾಜೆಕ್ಟ್ ಎಂದು ಕುಟ್ಟುತ್ತಾನೆ. ಎಂಟು ತಿಂಗಳಿಂದ. ಇದಕ್ಕೆ ಸಾಗುವಳಿ ಅನ್ನದೆ ಬೇರೇನು ಅನ್ನಬೇಕು?

"ಅವನನ್ನ ಕೇಳೋದಾ? ಕೇಳಿದ್ರೆ ಎಚ್ಚರ ಆಗ್ತಾನೆ. ಮೊದಲು ಅಳತೆ ಆಗ್ಲಿ" ಎಂದು ಮುನಿರಾಜು ಚಪ್ಪಲಿ ಮೆಟ್ಟಿದ.

ಎದುರು ಮನೆಯ ಕೊಟ್ರಪ್ಪ ಸರ್ವೆ ಇಲಾಖೆಯಿಂದ ನಿವೃತ್ತನಾಗಿ ಆರು ವರ್ಷವಾಗಿದ್ದರೂ ಇಲಾಖೆ ಅವನಿಂದ ನಿವೃತ್ತವಾಗಿರಲಿಲ್ಲ. ಮದುವೆಗೆ ಹೋದರೆ ಛತ್ರದ ಉದ್ದಗಲ ಹೇಳುತ್ತಿದ್ದ. ಸಾವಿನ ಮನೆಗೆ ಹೋದರೂ ಕಾಂಪೌಂಡು ಎಷ್ಟು ಇಂಚು ರಸ್ತೆಗೆ ಬಂದಿದೆ ಎಂದು ಕಣ್ಣಲ್ಲೇ ಅಳೆದು ಬರುತ್ತಿದ್ದ. ಮುನಿರಾಜುವಿನ ಮಾತು ಕೇಳಿ ಅವನ ಮುಖಕ್ಕೆ ಬಹಳ ದಿನದ ಮೇಲೆ ಕಳೆ ಬಂತು.

"ಡಿಸ್ಕಿನ ಒಟ್ಟು ವಿಸ್ತೀರ್ಣ ಎಷ್ಟು?"

"ಬಿಲ್ಲಿನಲ್ಲಿ ಎಂಬತ್ತು ಜಿಬಿ ಅಂತಿದೆ."

"ಸ್ಥಳದಲ್ಲಿ?"

"ಅದನ್ನೇ ನೋಡಿಲ್ಲ ಸಾರ್."

"ನೋಡಿಲ್ಲ! ಎಂಟು ತಿಂಗಳು ಸ್ವಾಧೀನ ಬಿಟ್ಟುಕೊಟ್ಟು, ನೋಡಿಲ್ಲ ಅಂತೀರಿ. ಮೊದಲು ಮುದ್ರೆ ಹಾಕಿ. ಶನಿವಾರ ಮಹಜರು."

ಹೀಗೆ ಗುರುವಾರ ಮಧ್ಯಾಹ್ನ ಕಂಪ್ಯೂಟರನ್ನು ಸೆಣಬಿನ ಹುರಿಯಿಂದ ಅಡ್ಡ ಉದ್ದ ಕಟ್ಟಲಾಯಿತು. ಅರಗು ಸಿಗದೆ ಮೇಣದಬತ್ತಿ ಕರಗಿಸಿ ಗಂಟಿನ ಮೇಲೆ ಸುರಿದು, ಕೊಟ್ರಪ್ಪ ತನ್ನ ಉಂಗುರ ಒತ್ತಿದ. ಉಂಗುರದಲ್ಲಿದ್ದ ಬಸವಣ್ಣ ಮೇಣದ ಮೇಲೆ ಎಮ್ಮೆಯಂತೆ ಮೂಡಿದ.

ನಾಲ್ಕು ಗಂಟೆಗೆ ಬಾಳೇಶ ಬ್ಯಾಗು ಇಳಿಸಿ ಒಳಬಂದು, ಕಟ್ಟಿಹಾಕಿದ ಕಂಪ್ಯೂಟರನ್ನು ನೋಡಿ ನಿಂತುಬಿಟ್ಟ.

"ಏನಾತ್ರಿ ಅಣ್ಣಾರ? ಮಾರಾಕ ಹತ್ತೀರೇನು?"

"ಯಾಕಪ್ಪ, ಮಾರಬಾರದಾ? ಯಾರನ್ನಾದ್ರೂ ಕೇಳಬೇಕಾ?"

"ಹಂಗಲ್ರಿ. ಮಂಗಳವಾರ ಪ್ರಾಜೆಕ್ಟ್ ತೋರಸಬೇಕ್ರಿ. ನಂದೆಲ್ಲಾ ಅದರಾಗೈತಿ."

ಮುನಿರಾಜು ಹೆಂಡತಿಯ ಕಡೆ ತಿರುಗಿ ಹುಬ್ಬು ಹಾರಿಸಿದ. "ಕೇಳಿದೆಯಾ? ಬಾಯಿಬಿಟ್ಟ. ನಂದೆಲ್ಲಾ ಅದರಲ್ಲಿದೆ ಅಂತ."

ಯಶೋದಮ್ಮ, "ಪಾಪ, ಕಾಫಿ ಆದ್ರೂ ಕುಡೀಲಿ" ಎಂದಳು. ಕಾಫಿ ಬಂತು, ಆದರೆ ಮುನಿರಾಜು ಲೋಟ ಖಾಲಿಯಾಗುವವರೆಗೂ ಬಾಳೇಶನ ಕೈಯನ್ನೇ ನೋಡುತ್ತ ಕೂತಿದ್ದ.

ಶನಿವಾರ ಬೆಳಿಗ್ಗೆ ಹತ್ತಕ್ಕೆ ಮಹಜರು ಶುರುವಾಯಿತು. ಕೊಟ್ರಪ್ಪ ಇಸ್ತ್ರಿ ಮಾಡಿದ ಷರಟು ಹಾಕಿ, ಉದ್ದನೆಯ ಲೆಡ್ಜರು ಹಿಡಿದು ಬಂದ. ಕಂಪ್ಯೂಟರಿನ ಪೂರ್ವಕ್ಕೆ ಅಡುಗೆಮನೆ ಗೋಡೆ, ಪಶ್ಚಿಮಕ್ಕೆ ಹೊಲಿಗೆ ಯಂತ್ರ, ಉತ್ತರಕ್ಕೆ ಕಿಟಕಿ, ದಕ್ಷಿಣಕ್ಕೆ ಯಶೋದಮ್ಮನ ಉಪ್ಪಿನಕಾಯಿ ಜಾಡಿ ಎಂದು ಚೆಕ್ಕುಬಂದಿ ಬರೆದುಕೊಂಡ. ಮುದ್ರೆ ಒಡೆಯಲಾಯಿತು. ಬಾಳೇಶ ಅಪರಾಧಿಯ ಸ್ಟೂಲಿನ ಮೇಲೆ ಕೂತು ಗುಂಡಿ ಒತ್ತಿದ.

"ಒಟ್ಟು ಎಷ್ಟು ತೋರಿಸ್ತದೆ?"

"ಎಪ್ಪತ್ನಾಲ್ಕೂವರಿ ರೀ."

ಮುನಿರಾಜು ಕುರ್ಚಿಯಿಂದ ಎದ್ದೇಬಿಟ್ಟ. "ಐದೂವರೆ ಒತ್ತುವರಿ! ಬರ್ಕೊಳ್ಳಿ ಸಾರ್!"

"ಒತ್ತುವರಿ ಅಲ್ರಿ ಅಣ್ಣಾರ. ಮಾರೋ ಕಂಪನಿಯವರು ಸಾವಿರಕ್ಕೊಂದು ಅಂತ ಎಣಸ್ತಾರ. ಕಂಪ್ಯೂಟರು ಸಾವಿರದಿಪ್ಪತ್ನಾಲ್ಕಕ್ಕೊಂದು ಅಂತ ಎಣಸತೈತಿ. ಜಾಗ ಅಷ್ಟ ಐತಿ, ಅಳತಿ ಬ್ಯಾರೆ."

ಕೊಟ್ರಪ್ಪ ಪೆನ್ನು ನಿಲ್ಲಿಸಿ ತಲೆದೂಗಿದ. "ಇದ್ದೀತು. ಅಂಗಡಿ ಸೇರು ಬೇರೆ, ಮನೆ ಸೇರು ಬೇರೆ. ಮುಂದೆ."

"ಅಷ್ಟು ಬೇಗ ಒಪ್ಕೋಬೇಡಿ ಸಾರ್" ಎಂದು ಮುನಿರಾಜು ಗೊಣಗಿದ.

ಬಾಳೇಶ ಪರದೆಯ ಮೇಲೆ ಒಂದು ಪಟ್ಟಿ ತಂದ. ಎಚ್‌ಡಿಎ ಒಂದು, ಎಚ್‌ಡಿಎ ಐದು, ಎಚ್‌ಡಿಎ ಆರು ಎಂದು ಮೂರು ಸಾಲು, ಮುಂದೆ ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ ಅಂಕಿಗಳು. ಕೊಟ್ರಪ್ಪ ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿದ.

"ಇದೇನಿದು?"

"ಡಿಸ್ಕಿನ ಭಾಗ ರೀ."

"ಭಾಗ ಸರಿ. ಹೆಸರೆಲ್ಲಿ? ಚೆಕ್ಕುಬಂದಿ ಎಲ್ಲಿ? ನಕ್ಷೆ ಎಲ್ಲಿ? ಯಾರ ಸ್ವಾಧೀನ, ಏನು ಬೆಳೆ, ಎಷ್ಟು ಖಾಲಿ, ಒಂದೂ ಇಲ್ಲ! ಮೂವತ್ತು ವರ್ಷ ಸರ್ವಿಸಿನಲ್ಲಿ ನಾನು ಇಂಥಾ ಕೆಟ್ಟ ಪಹಣಿ ನೋಡಿಲ್ಲ. ಇದನ್ನ ನೋಡಿ ಮನುಷ್ಯನಾದವನಿಗೆ ಅನುಮಾನ ಬರದೆ ಏನಾಗುತ್ತೆ?"

"ಹಂಗ ಹೇಳ್ರಿ ಸಾರ್" ಎಂದ ಮುನಿರಾಜು, ಬಾದಾಮಿ ಕನ್ನಡದಲ್ಲೇ.

ಬಾಳೇಶನ ಮುಖ ಕೆಂಪಾಯಿತು. ಅವನ ಪ್ರಾಜೆಕ್ಟೇ ಅದು: ಲಿನಕ್ಸಿನಲ್ಲಿ ಮನೆಮಂದಿಯೂ ಡಿಸ್ಕನ್ನು ಸುಲಭವಾಗಿ ನೋಡಿಕೊಳ್ಳುವ ಹಾಗೆ ಒಂದು ಪ್ರೋಗ್ರಾಮು. "ಇದನ್ನ ನಿನ್ನ ಬಿಟ್ಟು ಇನ್ಯಾರು ಉಪಯೋಗಿಸ್ತಾರಪ್ಪ?" ಎಂದು ಕಾಲೇಜಿನ ಗೈಡು ಎರಡು ಸಲ ವಾಪಸು ಕಳಿಸಿದ್ದರು.

"ಈ ಮೊದಲನೇ ಸಾಲು ಏನು?" ಕೊಟ್ರಪ್ಪ ಲೆಡ್ಜರಿನಲ್ಲಿ ಒಂದು ಉದ್ದನೆಯ ಪಟ್ಟೆ ಎಳೆದ.

"ಲಿನಕ್ಸ್ ಇರೋ ಜಾಗ ರೀ. ಕಂಪ್ಯೂಟರು ಬದುಕೋದು ಅಲ್ಲೇ."

"ಮನೆ ಅನ್ನು." ಪಟ್ಟೆಗೆ ಅಡ್ಡಗೆರೆ ಹಾಕಿ 'ಮನೆ' ಎಂದು ಬರೆದ. "ಈ ಆರನೇದು ಒಂದು ಜಿಬಿ, ಖಾಲಿ ಬಿಟ್ಟಿದೀಯ. ಯಾಕೆ?"

ಮುನಿರಾಜುವಿನ ಕಿವಿ ನಿಮಿರಿತು. ಖಾಲಿ ಬಿಟ್ಟ ನೆಲದ ಮೇಲೆ ಅವನಿಗೆ ಸಹಜವಾಗಿಯೇ ಅನುಮಾನ, ಯಾಕೆಂದರೆ ಖಾಲಿ ನೆಲ ಕಂಡರೆ ತಾನೇನು ಮಾಡುತ್ತೇನೆ ಎಂಬುದು ಅವನಿಗೆ ಗೊತ್ತಿತ್ತು.

"ಅದು ಸ್ವಾಪ್ ರೀ. ಕೆಲಸ ಜಾಸ್ತಿ ಆದಾಗ ಮೆಮರಿ ತುಂಬಿ ಹೋಗತೈತಿ. ಆಗ ಒಂದಿಷ್ಟು ಇಲ್ಲಿ ಹರವತೈತಿ, ಆಮ್ಯಾಲ ಬಳಕೋತೈತಿ."

"ಕಣ!" ಎಂದರು ಕೊಟ್ರಪ್ಪ, ಮುನಿರಾಜು ಇಬ್ಬರೂ ಒಟ್ಟಿಗೆ. ಮುನಿರಾಜು ಆಮೇಲೆ ನಾಲಗೆ ಕಚ್ಚಿಕೊಂಡ. ಎದುರು ಪಕ್ಷಕ್ಕೆ ಒತ್ತಾಸೆ ಕೊಟ್ಟ ಹಾಗಾಗಿತ್ತು.

"ಐದನೇದು?"

"ಡಿ ಡ್ರೈವು. ಅಣ್ಣಾರ ಫೋಟೋ ಎಲ್ಲಾ ಅಲ್ಲೇ ಐತ್ರಿ. ಒಂದೂ ಹೋಗಿಲ್ಲ."

"ಹಾಗಾದ್ರೆ ಅದು ಕಣಜ. ಕಣಜಕ್ಕೆ ಬಾಗಿಲೆಲ್ಲಿ?"

"ಬಾಗಲಾ ಇಲ್ರಿ. ಸಾಲು ಬರದು ಕರೀಬೇಕು."

"ಕಣಜಕ್ಕೆ ಬಾಗಿಲು ಇಡದೆ, ಯಜಮಾನನ ಕೈಗೆ ಮಂತ್ರ ಕೊಟ್ಟೆಯಾ?"

"ಅಷ್ಟೇ ಅಲ್ಲ ಸಾರ್" ಎಂದು ಮುನಿರಾಜು ಮುಂದೆ ಬಂದ. ಎರಡು ದಿನದಿಂದ ನುಂಗಿಕೊಂಡಿದ್ದ ಪ್ರಶ್ನೆ ಹೊರಬಿತ್ತು. "ಆ ರೂಟ್ ಯಾರು? ಅವನನ್ನ ಕರೆಸು. ಎದುರೆದುರೇ ಮಾತಾಡೋಣ."

ಬಾಳೇಶ ಅವನನ್ನೇ ದಿಟ್ಟಿಸಿ ನೋಡಿದ. ಆಮೇಲೆ ಗೂಡಿನ ಪಕ್ಕದ ಚೀಟಿ ನೋಡಿದ. ಎದ್ದು ಹೋಗಿ ಎಣ್ಣೆಯ ಕಲೆಯನ್ನು ಬೆರಳಿನಿಂದ ಮುಟ್ಟಿದ.

"ಅಣ್ಣಾರ, ರೂಟ್ ಅಂದ್ರ ನೀವ ರೀ."

"ನಾನಾ?"

"ಮನಿ ಯಜಮಾನ ಅಂತ. ಈ ಕಲೆ ಬಿದ್ದ ಪದ ಐತೆಲ್ಲ, ಅದನ್ನ ಮೊದಲು ಹೊಡದ್ರ, ಹೇಳ್ತಿರೋದು ಯಜಮಾನ ಅಂತ ಅದಕ್ಕ ತಿಳೀತೈತಿ. ಅದಿಲ್ಲ ಅಂದ್ರ ಯಾರೋ ದಾರಿಹೋಕ ಅನ್ಕೋತೈತಿ."

ಅಡುಗೆಮನೆಯಿಂದ ಯಶೋದಮ್ಮ ನಕ್ಕದ್ದು ಕೇಳಿಸಿತು. ಕೊಟ್ರಪ್ಪ ಲೆಡ್ಜರು ಮುಚ್ಚಿ, ನಕ್ಷೆಯ ಹಾಳೆಯನ್ನು ಹರಿದು ಬಾಳೇಶನ ಕೈಗಿಟ್ಟ. "ಹೀಗೆ ಬರಬೇಕು ಪರದೆ ಮೇಲೆ. ಬಣ್ಣ ಹಾಕು. ಖಾಲಿ ಎಷ್ಟಿದೆ ಬರಿ. ಬಾಗಿಲು ಇಡು. ತಟ್ಟಿದ್ರೆ ತೆಗೀಬೇಕು."

ಬಾಳೇಶ ಸಂಜೆಯವರೆಗೂ ಎದ್ದೇಳಲಿಲ್ಲ. ಮುನಿರಾಜು ಪಕ್ಕದಲ್ಲೇ ಕುರ್ಚಿ ಹಾಕಿ ಕೂತಿದ್ದ, ಅನುಮಾನ ಪೂರಾ ಹೋಗಿರಲಿಲ್ಲ. ಆರು ಗಂಟೆಯ ಹೊತ್ತಿಗೆ ಪರದೆಯ ಮೇಲೆ ಹಸಿರು, ಹಳದಿ, ಕೆಂಪು ಮೂರು ತಾಕು ಬಿದ್ದವು. ಮನೆ, ಕಣ, ಕಣಜ. ಕಣಜದ ಮೇಲೆ ಎರಡು ಸಲ ಒತ್ತಿದರೆ ಅನುವಿನ ಮದುವೆ ಧಡಕ್ಕನೆ ಬಿಚ್ಚಿಕೊಂಡಿತು. ಮುನಿರಾಜು ಹತ್ತು ಸಲ ತೆಗೆದ, ಹತ್ತು ಸಲ ಮುಚ್ಚಿದ. ಒಳಗೆ ಏನಿದೆ ಎಂದು ನೋಡುವ ಯೋಚನೆ ಮಾತ್ರ ಬರಲಿಲ್ಲ. ಬಾಗಿಲು ತೆಗೆಯುವ ಖುಷಿಯೇ ಅಷ್ಟಿತ್ತು.

ಭಾನುವಾರ ಹನ್ನೊಂದಕ್ಕೆ ಬೀಗರು ಬಂದರು. ಮುಂದೆ ಚಿಕ್ಕಲಕ್ಷ್ಮಮ್ಮ, ಹಿಂದೆ ಬಟ್ಟೆಯ ಬ್ಯಾಗು ಹಿಡಿದ ಅನು. ಎಲ್ಲರ ಹಿಂದೆ ವೆಂಕಟಗಿರಿ, ಆರಡಿ ಮನುಷ್ಯ, ಹೆಗಲ ಮೇಲೆ ಟವಲು, ನೀರು ಕೊಟ್ಟರೂ ಬೇಡವೆಂದ. ಅನು ಬ್ಯಾಗನ್ನು ಒಳಗೆ ತರಲಿಲ್ಲ. ಹೊಸ್ತಿಲ ಹೊರಗೇ ಇಟ್ಟಳು. ಹಾಗೆ ಹೇಳಿಸಿಕೊಂಡು ಬಂದಿದ್ದಳು. ಮುನಿರಾಜು ಆ ಬ್ಯಾಗನ್ನೊಮ್ಮೆ ನೋಡಿ ಕಂಪ್ಯೂಟರಿನ ಮುಂದೆ ಕೂತ. ಪಕ್ಕದ ಸ್ಟೂಲಿನ ಮೇಲೆ ಬಾಳೇಶ ಇದ್ದ, ಕೊಟ್ರಪ್ಪ ಸಾಕ್ಷಿಗೆ ಬಂದಿದ್ದ.

"ಯಾರ ಹಂಗೂ ಬೇಡ ನೋಡಿ. ನಾನೇ ರೂಟ್" ಎಂದು ಮುನಿರಾಜು ಕಣಜ ತೆಗೆದ.

ಧಾರೆ ಹೋಯಿತು, ಆರತಿ ಹೋಯಿತು. ನಾನೂರ ಹನ್ನೊಂದು, ನಾನೂರ ಹನ್ನೆರಡು. ಊಟದ ಹಾಲ್. ಮೊದಲ ಪಂಕ್ತಿ.

"ಇಗೋ!" ಎಂದ ಮುನಿರಾಜು. ಎಂದವನ ಕೈ ಮೌಸಿನ ಮೇಲೆ ಅಲ್ಲೇ ನಿಂತಿತು.

ಮೊದಲ ಪಂಕ್ತಿಯಲ್ಲಿ ಮದುಮಗನ ಪಕ್ಕದ ಎಲೆಗೆ ಕೂತಿದ್ದವನು ಮುನಿರಾಜು. ಹೆಣ್ಣಿನ ಅಪ್ಪ, ಬೀಗರೆಲ್ಲ ಎದ್ದ ಮೇಲೆ ಕೊನೆಯಲ್ಲಿ ಕೂರಬೇಕಾದವನು, ಕಣ್ಣು ಅರ್ಧ ಮುಚ್ಚಿ, ಕೆನ್ನೆ ಉಬ್ಬಿಸಿ ಒಬ್ಬಟ್ಟು ಅಗಿಯುತ್ತಿದ್ದ. ಅವನ ಬೆನ್ನ ಹಿಂದೆ ಕಂಬಕ್ಕೆ ಒರಗಿ, ಹೆಗಲ ಮೇಲೆ ಟವಲು ಹಾಕಿಕೊಂಡು, ವೆಂಕಟಗಿರಿ ನಿಂತಿದ್ದ. ಅವನ ನೋಟ ಕ್ಯಾಮೆರಾದ ಮೇಲಿರಲಿಲ್ಲ, ಎಲೆಯ ಮೇಲಿತ್ತು.

"ಫೋಟೋದವನು ಒಂದೆಲೆ ಖಾಲಿ ಕಾಣುತ್ತೆ, ಕೂತ್ಕೊಳ್ಳಿ ಅಂದ" ಎಂದ ಮುನಿರಾಜು, ಬಹಳ ಸಣ್ಣ ದನಿಯಲ್ಲಿ. ಆಮೇಲೆ ಬಾಳೇಶನ ಕಿವಿಗೆ ಬಾಗಿ, "ಮುಚ್ಚಪ್ಪ ಇದನ್ನ. ಅಧಿಕಾರ ಇಲ್ಲ ಅಂತ ಬರೋ ಹಾಗೆ ಮಾಡು" ಎಂದ.

"ಯಾರಿಗ್ರಿ?"

"ನನಗೇ."

ಆದರೆ ವೆಂಕಟಗಿರಿ ಆಗಲೇ ಮೌಸಿಗೆ ಕೈ ಹಾಕಿದ್ದ. ಜನ್ಮದಲ್ಲಿ ಕಂಪ್ಯೂಟರು ಮುಟ್ಟದ ಆ ಮನುಷ್ಯ, ಎಲ್ಲಾ ಅಷ್ಟು ಸುಲಭವಾಗಿದ್ದರಿಂದ, ಭೂತಗನ್ನಡಿಯ ಚಿತ್ರವನ್ನು ತಾನೇ ಒತ್ತಿ, ಮುನಿರಾಜುವಿನ ಎಲೆಯನ್ನು ಪರದೆ ತುಂಬ ಮಾಡಿದ.

"ಒಬ್ಬಟ್ಟು ಎರಡಲ್ಲ. ಮೂರು" ಎಂದ.

ಕೊಟ್ರಪ್ಪ ಬಗ್ಗಿ ನೋಡಿ, "ಮೂರು. ಸ್ಥಳದಲ್ಲಿ ಖಚಿತವಾಗಿದೆ" ಎಂದ.

ಚಿಕ್ಕಲಕ್ಷ್ಮಮ್ಮ ಎದ್ದು ಸೆರಗು ಸರಿಮಾಡಿಕೊಂಡಳು. "ನಡಿಯಮ್ಮ ಅನು."

ಆಗ ಅಡುಗೆಮನೆಯಿಂದ ಯಶೋದಮ್ಮ ಬಂದಳು. ಯಾರ ಕಡೆಯೂ ನೋಡದೆ ನಡುಮನೆಯಲ್ಲಿ ನೀರು ಚಿಮುಕಿಸಿ ಒಂದೇ ಒಂದು ಬಾಳೆಎಲೆ ಹಾಸಿದಳು. "ಅಣ್ಣಾ, ಕೂತ್ಕೊಳ್ಳಿ. ಇದು ಫಸ್ಟ್ ಪಂಕ್ತಿ. ಇದರಲ್ಲಿ ನೀವೊಬ್ಬರೇ" ಎಂದು ವೆಂಕಟಗಿರಿಗೆ ಹೇಳಿ, ಒಬ್ಬಟ್ಟಿನ ತಟ್ಟೆಯನ್ನು ಗಂಡನ ಕೈಗಿಟ್ಟಳು. ಬೆಳಿಗ್ಗೆ ಐದಕ್ಕೇ ಎದ್ದು ಯಾಕೆ ಹೂರಣ ರುಬ್ಬಿದಳು ಎಂಬುದು ಮುನಿರಾಜುವಿಗೆ ಆಗ ಹೊಳೆಯಿತು. ಆಕೆ ಆ ಫೋಟೋ ನೋಡಬೇಕಾಗಿರಲಿಲ್ಲ. ಆ ದಿನ ಬಡಿಸಿದವಳು ಅವಳೇ.

ವೆಂಕಟಗಿರಿ ಎಲೆ ನೋಡಿದ, ಅಕ್ಕನನ್ನು ನೋಡಿದ, ಟವಲು ತೆಗೆದು ಪಕ್ಕಕ್ಕಿಟ್ಟು ಕೂತ. ಮುನಿರಾಜು ಬಗ್ಗಿ ಒಂದು ಬಡಿಸಿ, ತುಪ್ಪ ಹಾಕಿದ. ಎರಡನೆಯದು ಬಡಿಸಿದ. ತಟ್ಟೆ ಹಿಂದಕ್ಕೆ ಎಳೆದುಕೊಂಡ.

"ಲೆಕ್ಕ ಇನ್ನೂ ಒಂದು" ಎಂದ ವೆಂಕಟಗಿರಿ, ಎಲೆಯಿಂದ ತಲೆಯೆತ್ತದೆ.

ಮೂರನೆಯದು ಬಿತ್ತು. ಅವನು ಅದನ್ನು ಮಡಿಚಿ ಬಾಯಿಗಿಟ್ಟು, ಕೆನ್ನೆ ಉಬ್ಬಿಸಿ, ಕಣ್ಣು ಅರ್ಧ ಮುಚ್ಚಿದ. ಅಷ್ಟರಲ್ಲಿ ಅನು ಹೊರಗೆ ಹೋಗಿ ತನ್ನ ಬ್ಯಾಗನ್ನು ಒಳಗೆ ತಂದಳು. ಯಾರೂ ಬೇಡ ಎನ್ನಲಿಲ್ಲ.

ಬೀಗರೆಲ್ಲ ಉಂಡೆದ್ದ ಮೇಲೆ ಕೊನೆಯ ಪಂಕ್ತಿಯಲ್ಲಿ ಮುನಿರಾಜು ಮತ್ತು ಬಾಳೇಶ ಪಕ್ಕಪಕ್ಕ ಕೂತರು. ನಿನ್ನೆಯಿಂದ ಆ ಹುಡುಗನಿಗೆ ಹೇಳಬೇಕಾದ 'ತಪ್ಪಾಯ್ತಪ್ಪ' ಎಂಬ ಒಂದು ಮಾತು ಮುನಿರಾಜುವಿನ ಗಂಟಲಿನಲ್ಲಿತ್ತು. ಯಶೋದಮ್ಮ ತಟ್ಟೆ ತಂದಳು. ಉಳಿದಿದ್ದದ್ದು ಒಂದೇ ಒಬ್ಬಟ್ಟು.

ಮುನಿರಾಜು ಅದನ್ನು ಎತ್ತಿಕೊಂಡು ನಡುವೆ ಮುರಿದು, ಒಂದು ಭಾಗವನ್ನು ಬಾಳೇಶನ ಎಲೆಗೆ ಹಾಕಿ, ಗಂಟಲು ಸರಿಮಾಡಿಕೊಂಡ.

"ಸಮ ಇದೆಯಾ?"

ಬಾಳೇಶ ತನ್ನ ಎಲೆ ನೋಡಿದ, ಅವನ ಎಲೆ ನೋಡಿದ. "ಒತ್ತುವರಿ ಆಗೈತ್ರಿ ಅಣ್ಣಾರ."

ಜಗುಲಿಯ ಮೇಲೆ ಎಲೆಅಡಿಕೆ ಹಾಕುತ್ತಿದ್ದ ಕೊಟ್ರಪ್ಪ, "ಅಳತೆಗೆ ಬರ್ಲಾ?" ಎಂದು ಕೂಗಿದ.

"ಬೇಡ ಸಾರ್, ಬೇಡ" ಎನ್ನುತ್ತ ಮುನಿರಾಜು ತನ್ನ ಭಾಗದಿಂದ ಅಂಚು ಮುರಿದು ಆ ಕಡೆಗೆ ಸರಿಸಿದ. ಹೇಳಬೇಕಾದ ಮಾತು ಬಾಕಿಯೇ ಉಳಿಯಿತು. ಬಾಳೇಶ ಅದನ್ನು ಕೇಳಲೂ ಇಲ್ಲ. ಎಲೆಯಲ್ಲಿ ಬಿದ್ದ ಅಂಚನ್ನು ಮೊದಲು ತಿಂದ.